ಮನೆಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಡಲಾ?

"ಮೇಡಂ, ನಮಗೂ ವಯಸ್ಸಾಯ್ತು. ಮನೆಯನ್ನು ಈಗಲೇ ಮಗನ ಹೆಸರಿಗೆ ಮಾಡಿಬಿಟ್ರೆ ಮುಂದೆ ಯಾವ ರಗಳೆಯೂ ಇರಲ್ಲ, ಅಲ್ವಾ?"

ವಕೀಲಿಕೆಗೆ ಬಂದಾಗಿನಿಂದ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಪ್ರತಿ ಸಲವೂ ನನ್ನ ಉತ್ತರ ಒಂದೇ. ಬೇಡ. ಮನೆ ನಿಮ್ಮ ಹೆಸರಲ್ಲೇ ಇರಲಿ. ಉಯಿಲು ಬರೆದಿಡಿ.

ದಾನಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಯಿತು ಅಂದರೆ ಮನೆ ಮಗನದಾಯಿತು. ಅವನು ಮಾರಬಹುದು, ಬ್ಯಾಂಕಿಗೆ ಅಡವಿಡಬಹುದು. ಮಗ ಒಳ್ಳೆಯವನೇ ಇರಬಹುದು. ಆದರೆ ಅವನ ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ಆ ಮನೆಗೇ ಕೈ ಹಾಕುತ್ತಾರೆ. ಅವನಿಗೇ ಏನಾದರೂ ಆಗಿಬಿಟ್ಟರೆ ಮನೆ ಅವನ ವಾರಸುದಾರರಿಗೆ ಹೋಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಸತ್ತ ಮಗನ ಮೊದಲ ದರ್ಜೆಯ ವಾರಸುದಾರರ ಪಟ್ಟಿಯಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿ ಇದ್ದಾರೆ. ತಂದೆ ಇಲ್ಲ. ತಾನೇ ಕಟ್ಟಿಸಿ ಕೊಟ್ಟ ಮನೆಯಲ್ಲಿ ಅಪ್ಪನಿಗೇ ಪಾಲಿರುವುದಿಲ್ಲ. ಇದನ್ನು ಹೇಳಿದಾಗ ಎದುರಿಗೆ ಕೂತವರು ಸ್ವಲ್ಪ ಹೊತ್ತು ಮಾತೇ ಆಡುವುದಿಲ್ಲ.

ಉಯಿಲು ಹಾಗಲ್ಲ. ನೀವು ಇರುವವರೆಗೂ ಅದು ಬರೀ ಕಾಗದ. ಯಾವತ್ತು ಬೇಕಾದರೂ ಬದಲಾಯಿಸಬಹುದು, ಹರಿದುಹಾಕಿ ಹೊಸದು ಬರೆಯಬಹುದು. ಕೊನೆಯಲ್ಲಿ ಬರೆದದ್ದೇ ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ದಾನಪತ್ರದ ಜೆರಾಕ್ಸ್. ತೆಗೆದು ತೆಗೆದು ನೋಡಿ ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಮನೆ ಮಗನ ಹೆಸರಿಗಾದ ಮೇಲೆ ಅವರ ಹಾಸಿಗೆ ಸಾಮಾನು ಇಡುವ ಕೋಣೆಗೆ ಹೋಗಿತ್ತು. ಮಾತ್ರೆ ಮುಗಿದರೆ ತಂದುಕೊಡುವವರಿರಲಿಲ್ಲ. "ಕೊನೇವರೆಗೂ ನೋಡ್ಕೋತೀನಿ ಅಂದಿದ್ದ ಕಣಮ್ಮ. ಅದು ಇದರಲ್ಲಿ ಎಲ್ಲಿದೆ ಓದು" ಅಂದರು. ನಾನು ಎರಡು ಸಲ ಓದಿದೆ. ಚೆಕ್ಕುಬಂದಿ ಇತ್ತು. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ, ಎಲ್ಲಾ ಇತ್ತು. "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಅಂತಲೂ ಇತ್ತು. ನೋಡಿಕೊಳ್ಳುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಒಂದು ಸಾಲಿಗೆ ಎಷ್ಟು ಬೆಲೆ ಇದೆ ನೋಡಿ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತಲೇ 2007ರಲ್ಲಿ ಒಂದು ಕಾಯ್ದೆ ಬಂತು. ಅದರ 23ನೇ ಸೆಕ್ಷನ್ 60 ತುಂಬಿದವರಿಗೆ ಅನ್ವಯಿಸುತ್ತದೆ. ಆ ಸೆಕ್ಷನ್ ಪ್ರಕಾರ, ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ತೆಗೆದುಕೊಂಡವರು ನೋಡಿಕೊಳ್ಳದಿದ್ದರೆ, ಆ ದಾನವನ್ನು ರದ್ದು ಮಾಡಿಸಬಹುದು. ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎಸಿ ಅವರ ಮುಂದೆ ನ್ಯಾಯಮಂಡಳಿ ನಡೆಯುತ್ತದೆ, ಅಲ್ಲಿಗೇ ಅರ್ಜಿ ಕೊಟ್ಟರಾಯಿತು. ಆದರೆ ಷರತ್ತು ಇತ್ತು ಅಂತ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟಿದ್ದ ಬೇರೆ ಕಾಗದವನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವ ಹಾಗೆ ಓದಬೇಕು ಎಂದಿತು. ನನಗೆ ತುಂಬಾ ಸಮಾಧಾನ ಕೊಟ್ಟ ತೀರ್ಪು ಅದು. ಆದರೂ ಅಲ್ಲಿಯೂ ಒಂದು ಕಾಗದ ಇತ್ತು ಅನ್ನುವುದನ್ನು ಮರೆಯಬೇಡಿ.

ಹಾಗಾಗಿ ದಾನಪತ್ರ ಮಾಡಲೇಬೇಕು ಅನ್ನುವವರಿಗೆ ಎರಡು ಮಾತು ಸೇರಿಸಲು ಹೇಳುತ್ತೇನೆ. ಊಟ, ಬಟ್ಟೆ, ಔಷಧಿ, ಆರೈಕೆ ನೋಡಿಕೊಳ್ಳುವ ಷರತ್ತು ಪತ್ರದಲ್ಲೇ ಇರಲಿ. ಗಂಡ ಹೆಂಡತಿ ಇಬ್ಬರೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಅವರದೇ ಅಂತಲೂ ಇರಲಿ. ಇಂಥ ಹಕ್ಕು ಉಳಿಸಿಕೊಂಡು ದಾನ ಮಾಡಲು ಕಾನೂನಿನಲ್ಲಿ ಅಡ್ಡಿಯಿಲ್ಲ. "ಮಗನಿಗೆ ಬೇಜಾರಾಗುತ್ತೆ ಮೇಡಂ" ಅನ್ನುತ್ತಾರೆ. ನೋಡಿಕೊಳ್ಳುವ ಮನಸ್ಸಿರುವ ಮಗನಿಗೆ ಆ ಸಾಲಿನಿಂದ ಏನೂ ಹೋಗುವುದಿಲ್ಲ.

ಉಯಿಲು ಬರೆಯುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನೀವು ಸಹಿ ಮಾಡುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ನಿಮ್ಮೆದುರೇ ಅವರೂ ಸಹಿ ಮಾಡಬೇಕು. ಒಳಗೆ ಏನಿದೆ ಅಂತ ಅವರಿಗೆ ಗೊತ್ತಿರಬೇಕಿಲ್ಲ. ನಿಮಗಿಂತ ಚಿಕ್ಕ ವಯಸ್ಸಿನವರನ್ನೇ ಕರೆಯಿರಿ. ಮುಂದೆ ತಕರಾರು ಬಂದರೆ ಕೋರ್ಟಿನಲ್ಲಿ ನಿಂತು ಹೇಳಬೇಕಾದವರು ಅವರು. ಆಸ್ತಿ ಸಿಗುವವರು ಸಾಕ್ಷಿ ಹಾಕದಿರುವುದೇ ಮೇಲು. ವಯಸ್ಸು ಜಾಸ್ತಿಯಾಗಿದ್ದರೆ, ಬುದ್ಧಿ ಸ್ಥಿಮಿತದಲ್ಲಿದೆ ಅಂತ ಅವತ್ತಿನ ತಾರೀಖು ಹಾಕಿ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. ಪಿತ್ರಾರ್ಜಿತ ಆಸ್ತಿಯಾದರೆ ನಿಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ.

ಯಾರೂ ಕೇಳದ, ನಾನೇ ಕೂರಿಸಿ ಹೇಳುವ ವಿಷಯ ಒಂದಿದೆ. ಬದುಕಿದ್ದೂ ಸಹಿ ಮಾಡಲಾಗದ ಸ್ಥಿತಿ ಬಂದರೆ? ಮರೆವಿನ ಕಾಯಿಲೆ, ಪಾರ್ಶ್ವವಾಯು, ಕೋಮಾ. "ಜಿಪಿಎ ಬರೆಸಿದ್ದೀವಲ್ಲ" ಅನ್ನುತ್ತಾರೆ. ಜಿಪಿಎ ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ. ನಮ್ಮ ದೇಶದಲ್ಲಿ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಜಿಪಿಎ ಅಲ್ಲಿಗೆ ನಿಂತುಹೋಗುತ್ತದೆ, ಸತ್ತರೂ ಅಷ್ಟೇ. ನಿಜವಾಗಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಮನೆಯವರು ಕೋರ್ಟಿಗೆ ಹೋಗಬೇಕಾಗುತ್ತದೆ. ಕನಿಷ್ಠ ಆಸ್ಪತ್ರೆ ಖರ್ಚಿಗಾಗುವಷ್ಟು ಹಣ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ಜಂಟಿ ಖಾತೆಯಲ್ಲಿರಲಿ. ನಾಮಿನಿ ಹೆಸರು ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ಬ್ಯಾಂಕಿನ ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ, ಅದರ ಒಡೆಯರಲ್ಲ. ಗುಣವಾಗುವ ಆಸೆ ಇಲ್ಲದಾಗ ಯಂತ್ರದ ಮೇಲೆ ಇಡಬೇಕೋ ಬೇಡವೋ ಅಂತ ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ. 2023ರಲ್ಲಿ ಆ ಕ್ರಮವನ್ನು ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಮಕ್ಕಳೂ ನನ್ನ ಹತ್ತಿರ ಬರುತ್ತಾರೆ. "ಅಪ್ಪನ ಹತ್ರ ಉಯಿಲಿನ ಮಾತು ತೆಗೆಯೋದು ಹೇಗೆ ಮೇಡಂ?" ಉಯಿಲಿನಿಂದ ಶುರು ಮಾಡಲೇಬೇಡಿ ಅನ್ನುತ್ತೇನೆ. ಕಾಗದ ಎಲ್ಲಿವೆ ಅಂತ ಕೇಳಿ. ಒಬ್ಬರು ಹಾಗೇ ಮಾಡಿದರು. ಒಂದು ಭಾನುವಾರ ಅಪ್ಪನ ಜೊತೆ ಕೂತು ಬೀರು ತೆಗೆದು, ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ಎಫ್‌ಡಿ ಎಲ್ಲಾ ಪಟ್ಟಿ ಮಾಡಿದರಂತೆ. ಮಧ್ಯಾಹ್ನದ ಹೊತ್ತಿಗೆ ಅಪ್ಪನೇ ಕನ್ನಡಕ ತೆಗೆದಿಟ್ಟು, "ನಾನು ಹೋದ ಮೇಲೆ ನಿಮ್ಮಮ್ಮ ಯಾರನ್ನೂ ಕೇಳೋ ಹಾಗಾಗಬಾರದು, ಅದನ್ನ ಮೊದಲು ಬರ್ಕೋ" ಅಂದರಂತೆ. ಆ ಪಟ್ಟಿ ಹಿಡಿದುಕೊಂಡೇ ಇಬ್ಬರೂ ಮರುದಿನ ನನ್ನ ಕಚೇರಿಗೆ ಬಂದರು. ನಾನು ಬರೆದ ಉಯಿಲಿನ ಮೊದಲ ಸಾಲು ಅದೇ.