ಒಂಟಿ ಆಕ್ಟಿನ್, ಸಾಲಿನ ಆಕ್ಟಿನ್

ಈ ವಾರ ಮೆಟ್ಟಿಲು ಒರೆಸುವ ಸರದಿ ನಮ್ಮದು. ಫೋನನ್ನು ಸ್ಪೀಕರಿಗೆ ಹಾಕಿ ಮೆಟ್ಟಿಲ ಮೇಲಿಟ್ಟು, ಅವ್ವನ ಜೊತೆ ಮಾತಾಡುತ್ತಾ ಒರೆಸುತ್ತಿದ್ದೆ. ಗಂಗಾವತಿಯಲ್ಲಿ ಆಗ ರಾತ್ರಿ ಊಟದ ಹೊತ್ತು. "ಉಂಡೀ ಇಲ್ಲೋ? ದನಿ ಯಾಕೋ ಸಣ್ಣಗೈತಿ" ಅಂತ ಶುರುವಾಯಿತು. ಕಾಲುವೆಗೆ ನೀರು ಬಿಟ್ಟ ಸುದ್ದಿ, ಅಣ್ಣ ನಾಟಿ ಹಚ್ಚಿಸಿದ ಸುದ್ದಿ, ದೊಡ್ಡಮ್ಮನ ಮೊಣಕಾಲು ನೋವು, ಎಲ್ಲ ಆಯಿತು. ಫೋನ್ ಇಟ್ಟು ತಲೆ ಎತ್ತಿದರೆ, ಮೇಲಿನ ಮನೆಯ ಹುಡುಗಿ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ. ಎರಡನೇ ಕ್ಲಾಸಿನ ಮಗು.

"ಫೋನಲ್ಲಿ ನೀವು ಬೇರೆಯವರೇ ಆಗಿಬಿಡ್ತೀರಿ" ಅಂದಳು. "ಕೈ ಕೂಡ ಬೇರೆ ಥರ ಆಡುತ್ತೆ."

ನಗು ಬಂತು, ಆಮೇಲೆ ಸ್ವಲ್ಪ ನೋವೂ ಆಯಿತು. ಜರ್ಮನಿಯ ಈ ಹೈಡೆಲ್‌ಬರ್ಗಿನಲ್ಲಿ ನನ್ನನ್ನು ಬಲ್ಲವರಿಗೆ ನಾನು ಮೆತ್ತಗೆ ಮಾತಾಡುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹೆಂಗಸು. ಊರಲ್ಲಿ ನನ್ನ ದನಿ ಮೂರು ಮನೆ ಆಚೆ ಕೇಳುತ್ತಿತ್ತು. ಎರಡೂ ನಾನೇ ಅಲ್ವಾ?

ನಾನು ದಿನಾ ಮಾಡುವ ಕೆಲಸವೂ ಇದೇ ಪ್ರಶ್ನೆಯ ಸುತ್ತ ಇದೆ. ಆಕ್ಟಿನ್ ಅನ್ನುವ ಪ್ರೋಟೀನು ಪ್ರಾಣಿ, ಗಿಡ, ಅಣಬೆ ಎಲ್ಲದರ ಜೀವಕೋಶದಲ್ಲೂ ಇದೆ. ನಮ್ಮ ಸ್ನಾಯುವಿನಲ್ಲಂತೂ ತುಂಬಾ ಜಾಸ್ತಿ. 1942ರ ಸುಮಾರಿಗೆ ಹಂಗೆರಿಯ ಸೆಗೆಡ್ ಊರಿನಲ್ಲಿ, ಸೆಂಟ್-ಜಾರ್ಜಿಯವರ ಪ್ರಯೋಗಾಲಯದಲ್ಲಿ, ಬ್ರೂನೊ ಸ್ಟ್ರೌಬ್ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. 375 ಅಮೈನೊ ಆಮ್ಲಗಳ ಸರಪಳಿ ಮಡಚಿಕೊಂಡರೆ ಒಂದು ಆಕ್ಟಿನ್ ಅಣು. ಉಪ್ಪು ಕಡಿಮೆ ಇರುವ ತಣ್ಣನೆಯ ದ್ರಾವಣದಲ್ಲಿ ಇವು ಬಿಡಿಬಿಡಿಯಾಗಿ ಇರುತ್ತವೆ. ಪೊಟ್ಯಾಸಿಯಂ ಕ್ಲೋರೈಡ್, ಚೂರು ಮೆಗ್ನೀಸಿಯಂ ಹಾಕಿದರೆ ಸಾಕು, ಒಂದಕ್ಕೊಂದು ಕೂಡಿ ಉದ್ದದ ಎಳೆಯಾಗುತ್ತವೆ. ನೀರಿನಂತಿದ್ದದ್ದು ಮಂದವಾಗುತ್ತದೆ. ಟ್ಯೂಬನ್ನು ಬೋರಲು ಮಾಡಿದರೂ ಒಳಗಿನ ಗಾಳಿಗುಳ್ಳೆ ಮೇಲೇಳದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಅಪ್ಪ ಪುಂಡಿ ನಾರನ್ನು ನೆನೆಸಿ, ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹಗ್ಗ ಹೊಸೆಯುತ್ತಿದ್ದ. ಆಕ್ಟಿನ್ ಎಳೆಯೂ ಹಾಗೇ, ಎರಡು ಸಾಲು ಒಂದನ್ನೊಂದು ಸುತ್ತಿಕೊಂಡು ಹೋಗುತ್ತವೆ.

ಅಣುವಿನ ರೂಪ ತಿಳಿಯುವ ಒಂದು ದಾರಿ ಅಂದರೆ ಅದರ ಹರಳು ಬೆಳೆಸುವುದು. ಹರಳಿನಲ್ಲಿ ಕೋಟಿಗಟ್ಟಲೆ ಅಣುಗಳು ಒಂದೇ ಭಂಗಿಯಲ್ಲಿ ಶಿಸ್ತಾಗಿ ಕೂತಿರುತ್ತವೆ. ಎಕ್ಸ್-ರೇ ಹಾಯಿಸಿದರೆ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳಿಂದ ಲೆಕ್ಕ ಹಾಕಿ ಪರಮಾಣು ಎಲ್ಲೆಲ್ಲಿದೆ ಅಂತ ಕಂಡುಹಿಡಿಯುತ್ತೇವೆ. ಆಕ್ಟಿನ್ ಇದಕ್ಕೆ ಸುಲಭಕ್ಕೆ ಒಗ್ಗಲಿಲ್ಲ. ಎಳೆಗಳು ಒಂದೊಂದು ಒಂದೊಂದು ಉದ್ದ, ಹರಳಾಗಿ ಜೋಡಿಸಿಕೊಳ್ಳುವುದಿಲ್ಲ. ಬಿಡಿ ಅಣುಗಳನ್ನು ಹರಳಾಗಿಸೋಣ ಅಂದರೆ, ಅವು ಸುಮ್ನೆ ಇರದೆ ಎಳೆಯಾಗಿಬಿಡುತ್ತವೆ. ಕೊನೆಗೆ 1990ರಲ್ಲಿ ಇದೇ ಹೈಡೆಲ್‌ಬರ್ಗಿನ ಮ್ಯಾಕ್ಸ್ ಪ್ಲಾಂಕ್ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕಾಬ್ಷ್, ಹೋಮ್ಸ್ ಮತ್ತು ಸಂಗಡಿಗರು ಅದರ ರೂಪ ಬಿಡಿಸಿದರು. ಡಿಎನ್‌ಏಸ್-1 ಅನ್ನುವ ಇನ್ನೊಂದು ಪ್ರೋಟೀನು ಆಕ್ಟಿನ್ನಿನ ಒಂದು ತುದಿಯನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದು ಸಾಲಿಗೆ ಸೇರಲಾರದು. ಹಾಗೆ ಹಿಡಿದಿಟ್ಟ ಆಕ್ಟಿನ್ನಿನ ಹರಳು ಅದು.

ಸಾಲಿನಲ್ಲಿರುವಾಗಲೂ ಅದು ಹಾಗೇ ಇರುತ್ತದಾ? 2009ರಲ್ಲಿ ಜಪಾನಿನ ತೊಶಿರೊ ಓಡಾ ಮತ್ತವರ ತಂಡ ಎಳೆಗಳನ್ನು ಬಲವಾದ ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ಸಾಲುಗೊಳಿಸಿ ಎಕ್ಸ್-ರೇ ಹಾಯಿಸಿತು. ಎಳೆಗೆ ಸೇರಿದ ಆಕ್ಟಿನ್ನಿನ ಎರಡು ಭಾಗಗಳು ಸುಮಾರು 20 ಡಿಗ್ರಿ ತಿರುಗಿ, ಅಣುವೇ ಚಪ್ಪಟೆಯಾಗಿತ್ತು. ಒಂಟಿಯಾಗಿ ಕಂಡ ರೂಪ ಸುಳ್ಳಲ್ಲ. ಆದರೆ ತನ್ನವರ ನಡುವೆ ಅದು ಇರುವ ರೀತಿ ಬೇರೆ.

ಹುಡುಗಿಗೆ ಇದನ್ನೆಲ್ಲ ಅವಳ ಮಟ್ಟಕ್ಕೆ ಹೇಳಿದೆ. ಗಮನವಿಟ್ಟು ಕೇಳಿ, "ಹಾಗಾದ್ರೆ ನಿಮ್ಮನ್ನ ಹಿಡಿದುಕೊಂಡಿರೋದು ಯಾರು?" ಅಂದಳು.

ಉತ್ತರ ಕೊಡಲಾಗಲಿಲ್ಲ. ಇವತ್ತಿಗೂ ಅದೇ ಯೋಚನೆ. ಕೆಲಸ ಅನ್ನಬಹುದು. ಆದರೆ ಈ ಕೆಲಸ ನಮ್ಮ ದೇಶದಲ್ಲೂ ಇದೆ. ಇಂದೋರಿನಲ್ಲಿ ಇಂಡಸ್-2 ಅನ್ನುವ, ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರದಲ್ಲಿ ಪ್ರೋಟೀನ್ ಹರಳುಗಳಿಗೆ ಎಕ್ಸ್-ರೇ ಹಾಯಿಸುತ್ತಾರೆ. ಪ್ರೋಟೀನಿನ ರೂಪದ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಕೊಪ್ಪಳ ಜಿಲ್ಲೆಯಲ್ಲಿ ಪಿಯುಸಿ ಓದುತ್ತಿದ್ದ ನನಗೆ ಇದನ್ನು ಯಾರೂ ಹೇಳಲಿಲ್ಲ. ಆಕ್ಟಿನ್ ಅಂತ ಮಣಿಸರದ ಚಿತ್ರ ಬರೆಸಿದರು, ನಾವು ಬರೆದೆವು. ಇದನ್ನು ಯಾರು ನೋಡಿದರು, ಹೇಗೆ ನೋಡಿದರು ಅಂತ ಕೇಳುವ ರೂಢಿಯೇ ಇರಲಿಲ್ಲ. ಲ್ಯಾಬಿಗೆ ಬೀಗ. ರೆಕಾರ್ಡ್ ಪುಸ್ತಕವನ್ನು ಹಿಂದಿನ ವರ್ಷದವರದ್ದು ನೋಡಿ ತುಂಬಿಸುವುದು. ನಮ್ಮಲ್ಲಿ ಜಾಣರಿಗೆ ಬರವಿರಲಿಲ್ಲ. ನನಗಿಂತ ಚೆನ್ನಾಗಿ ಪ್ರಶ್ನೆ ಕೇಳುತ್ತಿದ್ದ ಗೆಳತಿಯರು ಅರ್ಧಕ್ಕೇ ಓದು ಬಿಟ್ಟರು. ಎಂಟು ವರ್ಷದ ಈ ಮಗು ಎದುರು ಕೂತು ಧೈರ್ಯವಾಗಿ ಕೇಳುವುದನ್ನು ಕಂಡಾಗ ಅವರೇ ನೆನಪಾಗುತ್ತಾರೆ.

ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ಕಾಲೇಜಿನ ಈಗಿನ ಮೇಷ್ಟ್ರಿಗೆ ಆಗಲೇ ಬರೆದಿದ್ದೇನೆ. ಆಕ್ಟಿನ್ ಅಲ್ಲಿಗೆ ತರುವುದು ಕಷ್ಟ. ಕೋಳಿಮೊಟ್ಟೆಯ ಬಿಳಿಯಿಂದ ತೆಗೆದ ಲೈಸೋಜೈಮ್ ಅನ್ನುವ ಪ್ರೋಟೀನಿನ ಪುಡಿ ತರುತ್ತೇನೆ. ಅದನ್ನು ಹುಳಿ ದ್ರಾವಣದಲ್ಲಿ ಕರಗಿಸಿ, ಉಪ್ಪುನೀರು ಬೆರೆಸಿ ಹನಿ ಇಟ್ಟರೆ, ಸಾಮಾನ್ಯವಾಗಿ ಮರುದಿನದೊಳಗೆ ಹರಳು ಮೂಡುತ್ತದೆ. ಕಾಲೇಜಿನ ಸಾದಾ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಹನಿ ಇಡುವವರು ಹುಡುಗಿಯರೇ ಆಗಬೇಕು, ಮತ್ತು ಲ್ಯಾಬು ಎರಡೂ ದಿನ ತೆರೆದಿರಬೇಕು ಅಂತ ಪತ್ರದಲ್ಲಿ ಸ್ಪಷ್ಟವಾಗಿ ಕೇಳಿದ್ದೇನೆ.