ಪಿಂಚಣಿಯ ಗಂಟು
ನಿನ್ನೆ ಸಂಜೆ ಗಾಂಧಿ ಬಜಾರಿನಲ್ಲಿ, ನಿವೃತ್ತ ಗುಮಾಸ್ತರಾದ ನೆರೆಮನೆಯವರು ಪಿಂಚಣಿಯ ಪಾಸ್‌ಬುಕ್ಕನ್ನು ಕನ್ನಡಕಕ್ಕೆ ಹತ್ತಿರ ಹಿಡಿದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಲೆಕ್ಕ ನೋಡುತ್ತಿದ್ದಾಗ ನನಗೆ 1975ರ ನ್ಯೂಯಾರ್ಕ್ ನೆನಪಾಯಿತು. ಅಕ್ಟೋಬರ್ 17ರಂದು, ಆ ನಗರ ದಿವಾಳಿಯಾಗಲು ಕೆಲವೇ ಗಂಟೆಗಳು ಉಳಿದಿದ್ದಾಗ, ಆಲ್ಬರ್ಟ್ ಶಾಂಕರ್ ನಾಯಕತ್ವದ ಶಿಕ್ಷಕರ ಸಂಘವು, ಮೊದಲು ಒಲ್ಲೆನೆಂದರೂ, ಪಿಂಚಣಿ ನಿಧಿಯ 15 ಕೋಟಿ ಡಾಲರುಗಳನ್ನು ನಗರವನ್ನು ಉಳಿಸುವ ಸಾಲಪತ್ರಗಳಲ್ಲಿ ತೊಡಗಿಸಲು ಕಡೆಗೆ ಒಪ್ಪಿತು. ಸಾವಿರಾರು ಶಿಕ್ಷಕರು ಕೆಲಸ ಕಳೆದುಕೊಂಡ ವರ್ಷವೂ ಅದೇ. ವೇತನ ಏರಿಕೆಯನ್ನು ಮುಂದೂಡಲು ಒಪ್ಪುವುದು ಒಂದು ಬಗೆಯ ತ್ಯಾಗ. ಮುಪ್ಪಿನ ಗಂಟನ್ನೇ ಕೈಬರಿದಾದ ಮಾಲೀಕನಿಗೆ ಸಾಲವಾಗಿ ಕೊಡುವುದು ನನ್ನ ಮಟ್ಟಿಗೆ ಬೇರೆಯೇ ಮಾತು. ಇದನ್ನು ಕೇಳಿದ ನೆರೆಯವರು ಏನೂ ಹೇಳದೆ, ಪಾಸ್‌ಬುಕ್ಕನ್ನು ಮಡಚಿ ಒಳಜೇಬಿಗೆ ಸೇರಿಸಿ, ಬೈಟು ಕಾಫಿ ಹೇಳಿದರು.