ಯಹೂದಿ ನಿರಾಶ್ರಿತರ ಕಾಗದಪತ್ರ: ಕಾರವಾರ, ಶಿರಸಿಯಲ್ಲಿ ಕೂತು ಹುಡುಕುವುದು ಹೇಗೆ

ಮುಂಬೈ ಇಲಾಖೆಯ ಹಳೆಯ ಕಡತ ಓದುವವರಿಗೆ 1938ರಿಂದ 1945ರ ನಡುವಿನ ಕಾಗದಗಳಲ್ಲಿ ಆಗಾಗ ಒಂದು ಜರ್ಮನ್ ಇಲ್ಲವೇ ಆಸ್ಟ್ರಿಯನ್ ಹೆಸರು ಎದುರಾಗುತ್ತದೆ. ಒಬ್ಬ ವೈದ್ಯ, ಒಬ್ಬ ಎಂಜಿನಿಯರ್, ಒಬ್ಬ ಸಂಗೀತಗಾರ. ಪಕ್ಕದಲ್ಲಿ ‘ಯಹೂದಿ ನಿರಾಶ್ರಿತ’ ಎಂದೋ ‘ಶತ್ರುದೇಶದ ಪ್ರಜೆ’ ಎಂದೋ ಬರೆದಿರುತ್ತದೆ. ಹೆಚ್ಚಿನವರು ಅಲ್ಲಿಗೇ ಬಿಟ್ಟು ಮುಂದಿನ ಪುಟಕ್ಕೆ ಹೋಗುತ್ತಾರೆ. ಹಾಗೆ ಬಿಡಬಾರದು. ಆ ಮನುಷ್ಯ ಯಾಕೆ ಬಂದ, ಏನನ್ನು ಬಿಟ್ಟು ಬಂದ, ಹಿಂದೆ ಉಳಿದ ತಂದೆತಾಯಿಯ ಗತಿ ಏನಾಯಿತು ಎನ್ನುವುದಕ್ಕೆಲ್ಲ ಕಾಗದ ಇದೆ. ಅದರಲ್ಲಿ ದೊಡ್ಡ ಪಾಲು ಈಗ ಕಾಸು ಖರ್ಚಿಲ್ಲದೆ ಮನೆಯಲ್ಲೇ ಕೂತು ನೋಡಲು ಸಿಗುತ್ತದೆ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಒಬ್ಬರ ಕಾಗದ ಎಂದೂ ಒಂದೇ ಕಡೆ ಇರುವುದಿಲ್ಲ. ಹಿಂಸಿಸಿದ ಸರ್ಕಾರ ಬರೆದದ್ದು ಒಂದು ಕಡೆ, ನೆರವಾದ ಸಂಸ್ಥೆ ಬರೆದದ್ದು ಇನ್ನೊಂದು ಕಡೆ, ಒಳಗೆ ಬಿಟ್ಟುಕೊಂಡ ಸರ್ಕಾರ ಬರೆದದ್ದು ಮತ್ತೊಂದು ಕಡೆ. ಮೂವರೂ ತಮತಮಗೆ ಬೇಕಾದದ್ದನ್ನಷ್ಟೇ ಬರೆದುಕೊಂಡರು. ಬರ್ಲಿನ್ನಿನ ತೆರಿಗೆ ಕಚೇರಿಗೆ ಆಸ್ತಿ ಬೇಕಿತ್ತು, ನೆರವಿನ ಸಂಸ್ಥೆಗೆ ಹಡಗಿನ ಟಿಕೆಟ್ಟಿನ ದುಡ್ಡಿನ ಲೆಕ್ಕ ಬೇಕಿತ್ತು, ಬ್ರಿಟಿಷ್ ಸರ್ಕಾರಕ್ಕೆ ಇವನು ಗೂಢಚಾರನೋ ಅಲ್ಲವೋ ಎಂಬುದು ಬೇಕಿತ್ತು. ಕಡತ ತೆರೆದ ಕೂಡಲೇ ಇದು ಯಾರ ಮೇಜಿನ ಮೇಲೆ ಹುಟ್ಟಿದ ಕಾಗದ ಎಂದು ನೋಡಿಕೊಳ್ಳಿ. ಅದನ್ನು ಬಿಟ್ಟು ಓದಿದರೆ ಕಾಗದದಲ್ಲಿರುವ ಸುಳ್ಳೂ ನಿಜವೆಂದು ಕಾಣುತ್ತದೆ.

ಈ ಮೂರನ್ನು ಜೋಡಿಸುವ ಕೊಂಡಿ ಹೆಸರಲ್ಲ. ಹುಟ್ಟಿದ ತಾರೀಖು ಮತ್ತು ಹುಟ್ಟಿದ ಊರು. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹೆಗಡೆ, ಹೆಗ್ಡೆ, ಹೆಗಡೇ ಮೂರೂ ಒಂದೇ ಮನೆ ಎಂದು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಜರ್ಮನ್ ಬರಹದಲ್ಲಿ ಎ, ಓ, ಯು ಅಕ್ಷರಗಳ ಮೇಲೆ ಎರಡು ಚುಕ್ಕಿ ಬರುವುದುಂಟು. ಇಲ್ಲಿನ ಒಬ್ಬ ಟೈಪಿಸ್ಟ್ ಚುಕ್ಕಿ ಬಿಟ್ಟಿರುತ್ತಾನೆ, ಇನ್ನೊಬ್ಬ ಅಕ್ಷರದ ಪಕ್ಕ ಒಂದು ಇ ಸೇರಿಸಿರುತ್ತಾನೆ. ಎರಡನ್ನೂ ಹಾಕಿ ಹುಡುಕಬೇಕು. ಕೆ ಇದ್ದಲ್ಲಿ ಸಿ, ಝಡ್ ಇದ್ದಲ್ಲಿ ಎಸ್ ಆಗಿರುವುದು ಮಾಮೂಲು. ಜರ್ಮನ್ ಕೈಬರಹದ 1 ನಮಗೆ 7ರ ಹಾಗೆ ಕಾಣುತ್ತದೆ, ಹಾಗಾಗಿ ತಾರೀಖನ್ನೂ ಎರಡು ಸಲ ನೋಡಿ.

ಇನ್ನೊಂದು ತೊಡಕು ಕಾನೂನು ಹುಟ್ಟಿಸಿದ್ದು. 1938ರ ಆಗಸ್ಟ್ 17ರ ಆಜ್ಞೆಯಂತೆ, 1939ರ ಜನವರಿ 1ರಿಂದ, ನಾಜಿಗಳು ಒಪ್ಪಿದ ಪಟ್ಟಿಯ ಹೆಸರು ಇಲ್ಲದ ಯಹೂದಿ ಗಂಡಸರೆಲ್ಲ ‘ಇಸ್ರೇಲ್’ ಎಂದೂ ಹೆಂಗಸರೆಲ್ಲ ‘ಸಾರಾ’ ಎಂದೂ ಹೆಸರಿಗೆ ಸೇರಿಸಿಕೊಳ್ಳಬೇಕಾಯಿತು. ಹಾನ್ಸ್ ಮತ್ತು ಹಾನ್ಸ್ ಇಸ್ರೇಲ್ ಇಬ್ಬರಲ್ಲ, ಒಬ್ಬನೇ. ಆ ಹೆಸರನ್ನು ಅವನು ಇಟ್ಟುಕೊಂಡದ್ದಲ್ಲ, ಹೇರಿದ್ದು. ನಿಮ್ಮ ಬರಹದಲ್ಲಿ ಅದನ್ನು ಅವನ ಹೆಸರೆಂದು ಬರೆಯಬೇಡಿ.

ಪೌರತ್ವದ ಕಾಲಂ ಕೂಡ ಹೀಗೆಯೇ ದಾರಿ ತಪ್ಪಿಸುತ್ತದೆ. 1938ರ ಮಾರ್ಚ್‌ನಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಮೇಲೆ ವಿಯೆನ್ನಾದವನು ಕಾಗದದಲ್ಲಿ ಜರ್ಮನ್ ಆದ. 1941ರ ನವೆಂಬರ್ 25ರ ಆಜ್ಞೆ ಹೊರದೇಶದಲ್ಲಿದ್ದ ಯಹೂದಿಗಳ ಜರ್ಮನ್ ಪೌರತ್ವವನ್ನೇ ಕಿತ್ತುಕೊಂಡಿತು. ಹಾಗಾಗಿ ಒಬ್ಬನೇ ವ್ಯಕ್ತಿ ಒಂದು ಕಡತದಲ್ಲಿ ಆಸ್ಟ್ರಿಯನ್, ಇನ್ನೊಂದರಲ್ಲಿ ಜರ್ಮನ್, ಮತ್ತೊಂದರಲ್ಲಿ ಯಾವ ದೇಶಕ್ಕೂ ಸೇರದವ. ಊರುಗಳ ಹೆಸರೂ ಬದಲಾಗಿವೆ. ಅಂದಿನ ಬ್ರೆಸ್ಲಾವ್ ಇಂದಿನ ವ್ರೊತ್ಸ್ವಾಫ್, ಅಂದಿನ ಲೆಂಬರ್ಗ್ ಇಂದಿನ ಲ್ವಿವ್. ಲೋಡ್ಜ್ ಊರು ಯುದ್ಧಕಾಲದ ಜರ್ಮನ್ ಕಾಗದದಲ್ಲಿ ಲಿಟ್ಸ್‌ಮಾನ್‌ಸ್ಟಾಟ್ ಎಂದಿರುತ್ತದೆ.

ನಮ್ಮ ಕಡೆಯಿಂದ ಶುರು ಮಾಡುವವರಿಗೆ ಸುಲಭದ ಬಾಗಿಲು ಭಾರತದ ಕಡತಗಳೇ. ಉತ್ತರ ಕನ್ನಡ ಆಗ ‘ನಾರ್ತ್ ಕೆನರಾ’, 1862ರಿಂದ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಈ ಕರಾವಳಿಗೆ ಸಂಬಂಧಪಟ್ಟದ್ದನ್ನು ಬೆಂಗಳೂರಿನಲ್ಲಿ ಹುಡುಕಿದರೆ ಬರಿಗೈ. ಮುಂಬೈ ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೇ ಹೋಗಬೇಕು. ಗೃಹ ಇಲಾಖೆಯ ಕಡತ ಕೇಳಿ, ಅದರಲ್ಲೂ ವಿಶೇಷ ಶಾಖೆಯದ್ದು. ಕಾಲೇಜಿನ ಪತ್ರ ಮತ್ತು ಗುರುತಿನ ಚೀಟಿ ಒಯ್ಯಿರಿ. ರೈಲು ಹತ್ತುವ ಮೊದಲು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣವನ್ನು ಜಾಲಾಡಿ ಮುಗಿಸಿರಬೇಕು. 1939ರ ವಿದೇಶಿಯರ ನೋಂದಣಿ ಕಾಯಿದೆಯ ನಂತರ ಜಿಲ್ಲೆಯ ಪೊಲೀಸರು ಬರೆದದ್ದು ಪ್ರಾಂತ್ಯಕ್ಕೆ, ಪ್ರಾಂತ್ಯ ಬರೆದದ್ದು ದೆಹಲಿಗೆ ಹೋಗುತ್ತಿತ್ತು. ಒಂದು ಕಡೆ ಗೆದ್ದಲು ತಿಂದದ್ದು ಇನ್ನೊಂದು ಕಡೆ ಪ್ರತಿಯಾಗಿ ಉಳಿದಿರಬಹುದು.

ಅಭಿಲೇಖ್ ಪಟಲ್‌ನಲ್ಲಿ ಹುಡುಕುವಾಗ ವ್ಯಕ್ತಿಯ ಹೆಸರಿನಿಂದ ಆರಂಭಿಸಬೇಡಿ. ಅಲ್ಲಿ ಹುಡುಕಾಟ ನಡೆಯುವುದು ಮುಖ್ಯವಾಗಿ ಕಡತದ ವಿಷಯದ ಸಾಲಿನಲ್ಲಿ, ಒಳಗಿನ ಪುಟಗಳಲ್ಲಲ್ಲ. ಆ ಸಾಲನ್ನು ಬರೆದದ್ದು ಅಂದಿನ ಗುಮಾಸ್ತ, ಅವನದೇ ಇಂಗ್ಲಿಷಿನಲ್ಲಿ. ನಾಜಿಗಳು ನಡೆಸಿದ ಯಹೂದಿ ನರಮೇಧಕ್ಕೆ ನಾವಿಂದು ಬಳಸುವ ‘ಹಾಲೊಕಾಸ್ಟ್’ ಹಾಕಿದರೆ ಆ ಕಾಲದ ಕಡತ ಸಿಗುವುದಿಲ್ಲ. ‘ಜ್ಯೂಯಿಷ್ ರೆಫ್ಯೂಜೀಸ್’, ‘ಎನಿಮಿ ಏಲಿಯನ್ಸ್’, ‘ಇಂಟರ್ನ್‌ಮೆಂಟ್’, ‘ನ್ಯಾಚುರಲೈಸೇಶನ್’, ‘ಜ್ಯೂಯಿಷ್ ರಿಲೀಫ್ ಅಸೋಸಿಯೇಶನ್’ ಎಂದು ಹಾಕಿ, ವರ್ಷವನ್ನು 1933ರಿಂದ 1947ಕ್ಕೆ ಕಟ್ಟಿಹಾಕಿ. ಕಡತ ತೆರೆದ ತಕ್ಷಣ ಇಲಾಖೆ, ಶಾಖೆ, ವರ್ಷ, ಕಡತ ಸಂಖ್ಯೆ ಈ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಘಟ್ಟದ ಮೇಲೆ ಮಳೆಗಾಲದ ನೆಟ್‌ವರ್ಕ್ ಹೇಗಿರುತ್ತದೆಂದು ಗೊತ್ತೇ ಇದೆ. ಅರ್ಧ ಓದಿದ ಕಡತ ಕೈತಪ್ಪಿದರೆ ಅದೇ ಶಬ್ದ ಹಾಕಿದರೂ ಮತ್ತೆ ಸಿಗದೆ ಸತಾಯಿಸುತ್ತದೆ.

ಮೇಲೆ ಹೇಳಿದ ಜ್ಯೂಯಿಷ್ ರಿಲೀಫ್ ಅಸೋಸಿಯೇಶನ್ 1934ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸಂಸ್ಥೆ. ಬರುವವರು ಸರ್ಕಾರಕ್ಕೆ ಹೊರೆಯಾಗುವುದಿಲ್ಲ ಎಂದು ಅದು ಜಾಮೀನು ನಿಲ್ಲುತ್ತಿತ್ತು. ಹಾಗಾಗಿ ವೀಸಾ ಕಡತದಲ್ಲಿ ಇದರ ಪತ್ರ ಸಿಕ್ಕರೆ ಚೆನ್ನಾಗಿ ಓದಿ. ಅರ್ಜಿದಾರನ ಕಸುಬು, ಇಲ್ಲಿ ಕೆಲಸ ಕೊಡುವವರು ಯಾರು, ಮನೆಯವರು ಎಲ್ಲಿದ್ದಾರೆ ಎಂಬುದೆಲ್ಲ ಇಂಥ ಪತ್ರದಲ್ಲಿ ಬರುತ್ತದೆ. ಯುದ್ಧ ಶುರುವಾದ 1939ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಪಾಸ್‌ಪೋರ್ಟಿನ ಗಂಡಸರನ್ನು ಯಹೂದಿ, ನಾಜಿ ಎಂದು ನೋಡದೆ ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಒಟ್ಟಿಗೆ ಇಟ್ಟರು. ಸರ್ ಮಾಲ್ಕಮ್ ಡಾರ್ಲಿಂಗ್ ನೇತೃತ್ವದ ಸಮಿತಿ ವಿಚಾರಣೆ ಮಾಡಿದ ಮೇಲೆ ಹೆಚ್ಚಿನ ಯಹೂದಿಗಳು ಬಿಡುಗಡೆಯಾದರು. 1940ರಲ್ಲಿ ಕೆಲವರನ್ನು ಮತ್ತೆ ಹಿಡಿದರು. ಆಮೇಲೆ ದೇವಳಾಲಿ, ಡೆಹ್ರಾಡೂನ್, ಕುಟುಂಬಗಳಿಗೆ ಪುರಂದರ ಮತ್ತು ಸಾತಾರ. ಹಾಗಾಗಿ ‘ಬಂಧಿತ’ ಎಂದು ಬರೆದಿದೆ ಎಂದ ಮಾತ್ರಕ್ಕೆ ಅವನು ನಾಜಿ ಎಂದು ಎಣಿಸಬಾರದು.

ಮೈಸೂರು ಸಂಸ್ಥಾನದ ಕಡೆ ಬಂದವರ ಲೆಕ್ಕ ಬೇರೆ. 1939ರಲ್ಲಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಓಟೊ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನಿಂದ ಹೊರದೂಡಲ್ಪಟ್ಟ ಯಹೂದಿ. ಅಂಥವರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ದೆಹಲಿಯಲ್ಲಿರುವ ಮೈಸೂರು ರೆಸಿಡೆನ್ಸಿ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಕಡತ ಎರಡನ್ನೂ ನೋಡಬೇಕು.

ಪೋಲಿಷ್ ನಿರಾಶ್ರಿತರನ್ನು ಇವರ ಜೊತೆ ಕಲಸಿಬಿಡುವ ತಪ್ಪು ಬಹಳ ಕಡೆ ಕಾಣುತ್ತದೆ. ಜಾಮನಗರದ ಹತ್ತಿರದ ಬಾಲಾಚಡಿ, ಕೊಲ್ಹಾಪುರದ ಪಕ್ಕದ ವಳಿವಡೆ ಶಿಬಿರಗಳಲ್ಲಿ ಇದ್ದವರು ಸೋವಿಯತ್ ನೆಲದಿಂದ ಬಂದ ಪೋಲಿಷರು, ಬಹುಪಾಲು ಕ್ಯಾಥೊಲಿಕರು. ಯಹೂದಿಗಳೂ ಕೆಲವರಿದ್ದರು, ಆದರೆ ಆ ಕಡತಗಳ ಹುಟ್ಟೇ ಬೇರೆ.

ಇನ್ನು ಹಿಂಸಿಸಿದವರ ಕಾಗದ. ಇಲ್ಲಿ ಸ್ವಲ್ಪ ನಿಲ್ಲಬೇಕು. ವಲಸೆ ಹೋಗುವ ಯಹೂದಿಯನ್ನು ಸುಲಿಯಲೆಂದೇ ಕಟ್ಟಿದ ವ್ಯವಸ್ಥೆ ಇತ್ತು, ಪ್ರತಿ ಸುಲಿಗೆಗೂ ಒಂದು ರಸೀತಿ ಇತ್ತು. ದೇಶ ಬಿಡುವ ತೆರಿಗೆ 1931ರದ್ದು, ನಾಜಿಗಳಿಗಿಂತ ಹಳೆಯದು, ಆಸ್ತಿಯ ಶೇಕಡಾ 25. ನಾಜಿಗಳು 1934ರಲ್ಲಿ ಅದರ ಮಿತಿಯನ್ನು 2 ಲಕ್ಷ ಮಾರ್ಕ್‌ನಿಂದ 50 ಸಾವಿರಕ್ಕೆ ಇಳಿಸಿ ಯಹೂದಿಗಳ ಮೇಲೆ ತಿರುಗಿಸಿದರು. 1938ರ ಏಪ್ರಿಲ್‌ನಲ್ಲಿ 5,000 ಮಾರ್ಕ್ ಮೀರಿದ ಆಸ್ತಿಯನ್ನೆಲ್ಲ ಘೋಷಿಸಬೇಕೆಂಬ ಆಜ್ಞೆ ಬಂತು. ವಿಯೆನ್ನಾದವರ ಆ ಘೋಷಣೆಗಳು ಆಸ್ಟ್ರಿಯಾದ ರಾಜ್ಯ ಪತ್ರಾಗಾರದಲ್ಲಿವೆ. ಹೊರಡುವವನು ಸಾಮಾನಿನ ಪಟ್ಟಿಯನ್ನೂ ಕೊಡಬೇಕಿತ್ತು: 1933ಕ್ಕೆ ಮೊದಲು ಕೊಂಡದ್ದು, ಆಮೇಲೆ ಕೊಂಡದ್ದು, ವಲಸೆಗೆಂದೇ ಕೊಂಡದ್ದು, ಹೀಗೆ ಮೂರು ಭಾಗ. ಮೂರನೆಯ ಭಾಗವನ್ನು ಗಮನವಿಟ್ಟು ಓದಿ. ಬಿಸಿಲಿನ ದೇಶಕ್ಕೆ ಹೊರಟವರು ಏನೇನು ಬೇಕಾದೀತೆಂದು ಊಹಿಸಿದ್ದರು ಎಂಬುದು ಅಲ್ಲಿ ಕಾಣುತ್ತದೆ.

ಹೊರಡಲಾಗದೆ ಉಳಿದವರದ್ದು ಇನ್ನೊಂದು ಬಗೆಯ ಫಾರಂ. ಬರ್ಲಿನ್ನಿನಿಂದ ಶಿಬಿರ, ಕೊಲೆಯ ತಾಣಗಳಿಗೆ ಸಾಗಿಸುವ ಮೊದಲು ಪ್ರತಿಯೊಬ್ಬರಿಂದಲೂ 16 ಪುಟಗಳ ಆಸ್ತಿ ಘೋಷಣೆ ತುಂಬಿಸಿಕೊಳ್ಳುತ್ತಿದ್ದರು. ಇವು ಪಾಟ್ಸ್‌ಡಾಮ್‌ನ ಬ್ರಾಂಡೆನ್‌ಬುರ್ಗ್ ರಾಜ್ಯ ಪತ್ರಾಗಾರದಲ್ಲಿವೆ, ಬಹಳಷ್ಟು ಆನ್‌ಲೈನ್ ಓದಲು ಸಿಗುತ್ತವೆ. ಕೋಣೆ ಎಷ್ಟು, ಬಾಡಿಗೆ ಎಷ್ಟು, ಕುರ್ಚಿ, ಹಾಸಿಗೆ, ಪರದೆ, ಟವೆಲ್ಲು, ಅಂಗಿ, ಎಲ್ಲದಕ್ಕೂ ಅಚ್ಚು ಹಾಕಿದ ಸಾಲು, ಪಕ್ಕದಲ್ಲಿ ಸಂಖ್ಯೆ ಬರೆಯುವ ಜಾಗ. ಕಡೆಯ ಪುಟದ ಸಹಿಯ ಕೆಳಗಿನ ತಾರೀಖು ನೋಡಿ, ನಂತರ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಮಾಡಿದ ಸಾಗಣೆ ಪಟ್ಟಿಯ ತಾರೀಖು ನೋಡಿ. ನಡುವೆ ಹೆಚ್ಚಾಗಿ ಕೆಲವೇ ದಿನ. ಅದೇ ಕಡತದಲ್ಲಿ ಮುಂದೆ ಬರುವ ಕಾಗದಗಳು ಮನೆ ಖಾಲಿಯಾದ ಮೇಲಿನವು: ಗ್ಯಾಸ್ ಕಂಪನಿಯ ಬಾಕಿ, ಮನೆ ಮಾಲೀಕ ಕೇಳಿದ ಬಾಡಿಗೆ, ಸಾಮಾನು ಮಾರಿ ಬಂದ ದುಡ್ಡು. ‘ಪೂರ್ವಕ್ಕೆ ಸ್ಥಳಾಂತರ’, ‘ಹೊರಟುಹೋದರು, ವಿಳಾಸ ತಿಳಿಯದು’ ಎಂಬಂಥ ಸಾಲುಗಳು ಬರೆದ ಗುಮಾಸ್ತನ ಭಾಷೆ. ಅವನ್ನು ನಿಮ್ಮ ಭಾಷೆ ಮಾಡಿಕೊಳ್ಳಬೇಡಿ.

ಒಂದೇ ಕಡೆ ಅತಿ ಹೆಚ್ಚು ಕಾಗದ ಇರುವುದು ಜರ್ಮನಿಯ ಬಾಡ್ ಆರೋಲ್ಸನ್ ಊರಿನ ಆರೋಲ್ಸನ್ ಆರ್ಕೈವ್ಸ್‌ನಲ್ಲಿ. ಕಳೆದುಹೋದವರನ್ನು ಹುಡುಕಲು ಹುಟ್ಟಿದ ಸಂಸ್ಥೆ, ಸಂಶೋಧಕರಿಗೆ ಬಾಗಿಲು ತೆರೆದದ್ದು 2007ರಲ್ಲಿ. ಸುಮಾರು 3 ಕೋಟಿ ದಾಖಲೆ, 1.75 ಕೋಟಿ ಜನರ ವಿವರ. ಸಂಗ್ರಹವನ್ನು ಅಂಕಿಗಳಲ್ಲಿ ಗುರುತಿಸುತ್ತಾರೆ: 1ರಿಂದ ಶುರುವಾಗುವುದು ಶಿಬಿರ, ಸೆರೆಮನೆಗಳ ಕಾಗದ, 2 ಜೀತದ ದುಡಿಮೆಯದ್ದು, 3 ಯುದ್ಧಾನಂತರದ ನಿರಾಶ್ರಿತರದ್ದು. ಕಾರ್ಡಿನ ಮೇಲೆ ಟಿ, ಡಿ ಅಕ್ಷರಗಳ ಜೊತೆ ಒಂದು ಸಂಖ್ಯೆ ಕಂಡರೆ ಅದನ್ನು ಬಿಡಬೇಡಿ. ಯಾರೋ ಈ ವ್ಯಕ್ತಿಯನ್ನು ವಿಚಾರಿಸಿ ಬರೆದಿದ್ದರು, ಆ ಪತ್ರವ್ಯವಹಾರದ ಕಡತದ ಸಂಖ್ಯೆ ಅದು. ಬದುಕುಳಿದ ನೆಂಟರ ವಿಳಾಸ ಸಿಗುವುದು ಅಲ್ಲೇ. ನೆಲೆ ಕಳೆದುಕೊಂಡವರನ್ನು ಯುದ್ಧಾನಂತರ ನೋಂದಾಯಿಸಿದ ಡಿಪಿ-2 ಕಾರ್ಡ್ ಸಿಕ್ಕರೆ 1938ರ ಜನವರಿ 1ರಂದು ಎಲ್ಲಿ ವಾಸವಿದ್ದರು ಎಂಬ ಕಾಲಂ ನೋಡಿ. ಹಳೆಯ ಊರಿಗೆ ದಾರಿ ಅದೇ. ಎಲ್ಲಿಗೆ ಹೋಗಬಯಸುತ್ತಾರೆ ಎಂಬ ಕಾಲಂ ಕೂಡ ಪಕ್ಕದಲ್ಲೇ ಇದೆ.

ಶಿಬಿರದ ಮರಣಪತ್ರದಲ್ಲಿ ಬರೆದ ‘ಹೃದಯ ನಿಂತಿತು’ ಎಂಬಂಥ ಕಾರಣ ನಂಬಲರ್ಹವಲ್ಲ, ಕೊಲೆ ಮುಚ್ಚಲು ಹೀಗೆ ಬರೆಯುತ್ತಿದ್ದರು. ಆಶ್‌ವಿಟ್ಜ್ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಅಲ್ಲಿಗೆ ಹೋಗಲಿಲ್ಲ ಎಂದಲ್ಲ. ರೈಲಿನಿಂದ ಇಳಿಸಿ ನೇರ ಗ್ಯಾಸ್ ಕೋಣೆಗೆ ಒಯ್ದವರ ಹೆಸರನ್ನು ಬರೆದುಕೊಳ್ಳಲೇ ಇಲ್ಲ, ಬರೆದದ್ದರಲ್ಲೂ ಬಹುಭಾಗವನ್ನು ಓಡುವ ಮೊದಲು ಸುಟ್ಟರು. ಇಂಥವರಿಗೆ ಸಾಗಣೆ ಪಟ್ಟಿಯೇ ಕೊನೆಯ ಸಾಕ್ಷಿ. ಹಾಗೆಯೇ ಸತ್ತ ದಿನ 1945ರ ಮೇ 8 ಎಂದಿದ್ದರೆ ಅದು ಯುದ್ಧ ಮುಗಿದ ದಿನ, ಆಮೇಲೆ ಜರ್ಮನ್ ನ್ಯಾಯಾಲಯ ಮೃತರೆಂದು ಘೋಷಿಸುವಾಗ ಹಾಕಿದ ತಾರೀಖು. ಜೆರುಸಲೇಮಿನ ಹಾಲೊಕಾಸ್ಟ್ ಸ್ಮಾರಕ ಯಾದ್ ವಶೇಮ್‌ನ ಹೆಸರುಗಳ ಕೋಶದಲ್ಲಿ ನೆಂಟರು ತುಂಬಿದ ಸಾಕ್ಷ್ಯಪತ್ರಗಳಿವೆ. ನೆನಪಿನಿಂದ ಬರೆದವು, ಒಬ್ಬರಿಗೇ ಎರಡು ಮೂರು ಇರಬಹುದು, ಹುಟ್ಟಿದ ವರ್ಷ ಹೆಚ್ಚುಕಡಿಮೆ ಆಗಿರಬಹುದು. ಅದಕ್ಕೆ ಜರ್ಮನಿಯ ಫೆಡರಲ್ ಆರ್ಕೈವ್ಸ್‌ನ ಸ್ಮರಣ ಕೋಶವನ್ನು ಜೊತೆಗಿಟ್ಟು ತಾಳೆ ನೋಡಿ.

ನೆರವಿನ ಕಡೆಯ ಕಾಗದಕ್ಕೆ 1914ರಲ್ಲಿ ಹುಟ್ಟಿದ ಅಮೆರಿಕದ ಜಾಯಿಂಟ್ ಡಿಸ್ಟ್ರಿಬ್ಯೂಶನ್ ಕಮಿಟಿಯ ಆರ್ಕೈವ್ಸ್ ಮುಖ್ಯ. ಹೆಸರಿನ ಸೂಚಿಯೂ ಇದೆ, ದೇಶವಾರು ಕಡತಗಳೂ ಇವೆ. ಹೆಸರು ಸಿಗದಿದ್ದರೆ ದೇಶ ಮತ್ತು ವರ್ಷದ ಮೂಲಕ ಹೋಗಿ.

ಇಲ್ಲಿಗೆ ಬಂದವರ ಮನೆಗಳಲ್ಲಿ ಉಳಿದಿರುವ ಇನ್ನೊಂದು ಬಗೆಯ ಕಾಗದ ರೆಡ್ ಕ್ರಾಸ್ ಸಂದೇಶ. ಶತ್ರುದೇಶಕ್ಕೆ ಅಂಚೆ ನಿಂತಾಗ ಇದೇ ಮುಖ್ಯ ದಾರಿಯಾಗಿತ್ತು. 25 ಶಬ್ದ, ಮನೆ ಸುದ್ದಿ ಮಾತ್ರ. ಉತ್ತರ ಅದೇ ಹಾಳೆಯ ಹಿಂಬದಿಗೆ. ಎರಡೂ ಬದಿಯನ್ನು ಸ್ಕ್ಯಾನ್ ಮಾಡಲೇಬೇಕು, ಏಕೆಂದರೆ ಬರೆದ ದಿನ, ಸೆನ್ಸಾರ್ ಮುದ್ರೆ, ಜಿನೀವಾದ ರೆಡ್ ಕ್ರಾಸ್ ಕಚೇರಿಯ ಮುದ್ರೆ, ಉತ್ತರ ಬರೆದ ದಿನ ಎಲ್ಲ ಹಿಂದೆ ಮುಂದೆ ಹರಡಿರುತ್ತವೆ. ‘ಪ್ರಯಾಣ ಹೊರಡುತ್ತಿದ್ದೇವೆ’ ಎಂದು ಹಿಂಬದಿಯಲ್ಲಿದ್ದರೆ ಆ ತಾರೀಖನ್ನು ಹಿಡಿದು ಸಾಗಣೆ ಪಟ್ಟಿಗೆ ಹೋಗಿ.

ಆನ್‌ಲೈನ್‌ನಲ್ಲಿ ಏನೂ ಸಿಗದಿದ್ದರೆ ಆರೋಲ್ಸನ್‌ಗೆ ವಿಚಾರಣೆ ಬರೆಯಿರಿ, ಶುಲ್ಕವಿಲ್ಲ. ಅವರ ಎಲ್ಲ ಕಾಗದ ಜಾಲದಲ್ಲಿಲ್ಲ. ಫಾರಂನಲ್ಲಿ ಹೆಸರಿನ ಎಲ್ಲ ರೂಪ, ಹುಟ್ಟಿದ ತಾರೀಖು, ಊರಿನ ಅಂದಿನ ಮತ್ತು ಇಂದಿನ ಹೆಸರು, ತಂದೆತಾಯಿಯ ಹೆಸರು, ತಾಯಿಯ ತವರಿನ ಮನೆತನ, ಭಾರತಕ್ಕೆ ಬಂದ ವರ್ಷ ಇಷ್ಟನ್ನೂ ಹಾಕಿ. ಉತ್ತರಕ್ಕೆ ತಿಂಗಳುಗಟ್ಟಲೆ ಆಗಬಹುದು. ಬಂದ ದಾಖಲೆಯ ಜೊತೆ ಸಂಗ್ರಹದ ಅಂಕಿ ಮತ್ತು ದಾಖಲೆಯ ಗುರುತು ಸಂಖ್ಯೆ ಇರುತ್ತದೆ. ಅಡಿಟಿಪ್ಪಣಿಯಲ್ಲಿ ಎರಡನ್ನೂ ಕೊಡಿ, ವೆಬ್ ವಿಳಾಸ ಮಾತ್ರ ಕೊಟ್ಟರೆ ಅದು ಬದಲಾದ ದಿನ ನಿಮ್ಮ ಓದುಗರಿಗೆ ಕಾಗದ ಸಿಗುವುದಿಲ್ಲ.